ಜಾಹೀರಾತಿನ ಗಿರಾಕಿ, ಹುಡುಕಿ ಬಂದ ಗಿರಾಕಿ

ಅಕ್ಕಿಆಲೂರಿನಲ್ಲಿ ಒಂದು ಅಕ್ಕಿ ಮಿಲ್ಲಿನ ಹಿಂದೆ ತಗಡಿನ ಶೆಡ್ಡಿದೆ. ಅದರಲ್ಲಿ ನನ್ನ ಅಕ್ಕ ಜೋಳದ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಮಾರುತ್ತಾಳೆ ಅಂತ ಈಗ ಬರೆಯುತ್ತಿದ್ದೇನೆ. ಹೋದ ವರ್ಷ ಸಂಕ್ರಾಂತಿ ಮುಗಿದಾಗ ಬರೆದಿದ್ದರೆ, ಮಾಡಿಟ್ಟುಕೊಂಡು ಕೂತಿರುತ್ತಾಳೆ ಅಂತ ಬರೆಯಬೇಕಾಗಿತ್ತು.

ಆಗಲೇ ಮಿಲ್ಲಿನ ಸಾವ್ಕಾರರು ಶೆಡ್ಡಿನ ಬಾಗಿಲಿಗೆ ಬಂದು ನಿಂತರು. ಶೆಡ್ಡು ಅವರದು.

"ಯುಗಾದಿ ತನಕ ನೋಡ್ತೇನವಾ. ಅಷ್ಟ್ರೊಳಗ ನಿಮ್ಮ ಧಂದೆ ನಿಂತ್ಕೊಂಡ್ರ ಛಲೋ. ಇಲ್ಲಂದ್ರ ಗೊಬ್ಬರದ ಅಂಗಡಿಯಂವಾ ಗೋಡೌನಿಗೆ ಕೇಳಾಕತ್ತಾನ, ಅವಗ ಕೊಟ್ಟಬಿಡ್ತೇನಿ."

ಅಕ್ಕ ತಲೆಯಾಡಿಸಿದಳು. ಅವರು ಅತ್ತ ಹೋದ ಮೇಲೆ ದೊಡ್ಡವ್ವ, ಅಂದರೆ ನಮ್ಮ ಅವ್ವನ ಅಕ್ಕ, ಕೈಯಲ್ಲಿದ್ದ ಹಿಟ್ಟು ಉದುರಿಸುತ್ತ ಅಂದಳು:

"ಗೊಬ್ಬರಕ್ಕ ಇರೋ ಕಿಮ್ಮತ್ತು ರೊಟ್ಟಿಗಿಲ್ಲ ನೋಡವಾ ಈ ಕಾಲದಾಗ."

ಸಾವ್ಕಾರರು ಕೆಟ್ಟವರಲ್ಲ. ಶೆಡ್ಡಿನಲ್ಲಿ ಮೂರು ಒಲೆ ಇದ್ದವು, ಮೂವರು ಹೆಂಗಸರಿದ್ದರು. ಅಕ್ಕ, ತಿಳವಳ್ಳಿಯಿಂದ ದಿನಾ ಬಸ್ಸಿಗೆ ಬರುವ ದೊಡ್ಡವ್ವ, ಹುಲಗೂರಿನಿಂದ ನಮ್ಮ ಊರಿಗೆ ಮದುವೆಯಾಗಿ ಬಂದ, ನಾವೆಲ್ಲ ಚಾಚಿ ಅನ್ನುವಾಕೆ. ಒಲೆ ಉರಿದದ್ದಕ್ಕಿಂತ ಆರಿದ್ದೇ ಹೆಚ್ಚು. ಅದನ್ನು ಸಾವ್ಕಾರರೂ ದಿನಾ ನೋಡುತ್ತಿದ್ದರು. ಆದರೆ ಶೆಡ್ಡು ಹೋದರೆ ಕೆಲಸವೇ ಹೋದಂತೆ. ನಮ್ಮ ಮನೆಯಲ್ಲಿ ಮೂರು ಒಲೆ ಹೂಡಲು ಜಾಗವಿಲ್ಲ. ಅಕ್ಕ ಗಂಡನ ಮನೆ ಬಿಟ್ಟು ಮಗಳನ್ನು ಕರೆದುಕೊಂಡು ಬಂದ ದಿನ ಅಪ್ಪನಿಗೆ ಒಂದೇ ಮಾತು ಹೇಳಿದ್ದಳು, ನಿನ್ನ ಮೇಲೆ ಭಾರ ಹಾಕುವುದಿಲ್ಲ ಅಂತ. ಶೆಡ್ಡು ಹೋದರೆ ಆ ಮಾತು ಉಳಿಯುತ್ತಿರಲಿಲ್ಲ.

ರೊಟ್ಟಿ ಕೆಟ್ಟದ್ದಿತ್ತು ಅಂತಲ್ಲ. ನಮ್ಮ ಕಡೆ ಮನೆಮನೆಯಲ್ಲೂ ರೊಟ್ಟಿ ಬಡಿಯುತ್ತಾರೆ, ಕೊಳ್ಳುವವರು ಯಾರು? ಸಂತೆಯ ದಿನ ಸ್ವಲ್ಪ ಹೋಗುತ್ತಿತ್ತು. ಒಲೆ ಆರದಿರಬೇಕಾದರೆ ಮದುವೆ, ಗೃಹಪ್ರವೇಶದ ದೊಡ್ಡ ಆರ್ಡರ್ ಬೇಕು. ಇನ್ನೊಂದು ಮಾತು. ನಮ್ಮ ಮನೆಯ ಗೋಡೆಗೆ ಬುದ್ಧನ ಫೋಟೋ ಇದೆ. ನಾವು ಯಾವ ಓಣಿಯವರು ಅಂತ ಊರಿಗೆಲ್ಲ ಗೊತ್ತು. ಸಂತೆಯಲ್ಲಿ ಕೊಳ್ಳುವವರು ಕೂಡ ಮದುವೆ ಊಟಕ್ಕೆ ಅಂದರೆ ಸ್ವಲ್ಪ ಹಿಂದೆ ಮುಂದೆ ನೋಡುತ್ತಾರೆ. ಬೈಯಲು ಬರೆಯುತ್ತಿಲ್ಲ, ಇದ್ದದ್ದು ಹೀಗೆ. ಆದ್ದರಿಂದ ಗಿರಾಕಿ ದೂರದಿಂದ ಬರಬೇಕಿತ್ತು. ದೂರದವರಿಗೆ ನಾವು ಇದ್ದೇವೆ ಅಂತ ಗೊತ್ತಾಗುವುದು ಹೇಗೆ?

ನಾನು ಗೂಡ್ಸ್ ಗಾಡಿ ಓಡಿಸುತ್ತೇನೆ. ಎಸ್ಸೆಸ್ಸೆಲ್ಸಿಯ ಬಾಗಿಲು ದಾಟಲಿಲ್ಲ. ಆ ದಿನಗಳಲ್ಲೇ ಸವಣೂರಿನಲ್ಲಿ ಒಬ್ಬರ ಮನೆ ಸಾಮಾನು ಸಾಗಿಸುವ ಬಾಡಿಗೆ ಸಿಕ್ಕಿತು. ಆಚಾರ್ಯರ ಮನೆತನ. ಹಿಂದಿನವರು ಪಾಠ ಹೇಳುತ್ತಿದ್ದರಂತೆ. ಇವರು ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಹುಬ್ಬಳ್ಳಿಯ ಕಂಪನಿಯೊಂದಕ್ಕೆ ಕೆಲಸ ಮಾಡುತ್ತಾರೆ. ಇವರನ್ನು ನಾನು ಸರ್ ಅಂತಲೇ ಕರೆಯುತ್ತೇನೆ. ಕಾಟ್ ಇಳಿಸುವಾಗ ಕೇಳಿದೆ:

"ನಿಮ್ಮ ಕೆಲ್ಸ ಏನ್ರಿ ಸರ?"

"ಮಂದಿ ಫೋನಿನ್ಯಾಗ ಏನರೆ ಹುಡುಕ್ತಾರಲ್ಲ, ಆವಾಗ ನಮ್ಮ ಗಿರಾಕಿ ಅಂಗಡಿ ಮ್ಯಾಲೆ ಕಾಣೋ ಹಂಗ ಮಾಡೋದು."

"ಮ್ಯಾಲೆ ಯಾಕ್ರಿ?"

"ಕೆಳಗ ಇದ್ದದ್ದನ್ನ ಯಾರ್ ನೋಡ್ತಾರ?"

"ಹಂಗಾರ ನಮ್ಮ ಅಕ್ಕನ ರೊಟ್ಟೀನೂ ಮ್ಯಾಲೆ ತರ್ರಿ. ಬಾಡಿಗಿ ಬ್ಯಾಡ ನನಗ."

ಅವರು ನಕ್ಕರು. "ಮೊದ್ಲ ಕಾಟ್ ಕೆಳಗ ಇಳಸ್ರಿ. ರೊಟ್ಟಿ ಆಮ್ಯಾಲೆ ಮ್ಯಾಲೆ ತರೋಣ."

ಬಾಡಿಗೆ ಕೊಟ್ಟೇ ಕೊಟ್ಟರು. ಚಹಾ ಕೊಟ್ಟು ಕಟ್ಟೆಯ ಮೇಲೆ ಕೂರಿಸಿಕೊಂಡು ಹೇಳಿದರು. "ಎರಡು ದಾರಿ ಅವ. ಒಂದಕ್ಕ ಎಸ್‌ಇಎಂ ಅಂತಾರ. ರೊಕ್ಕ ಕೊಟ್ಟು ಜಾಹೀರಾತು ಹಾಕ್ಸೋದು. ಇವತ್ತ ಕೊಟ್ರ ಇವತ್ತ ಮ್ಯಾಲೆ. ನಿಲ್ಲಿಸಿದ್ರ ಅವತ್ತ ಕೆಳಗ. ಇನ್ನೊಂದು ಎಸ್‌ಇಒ. ಅದಕ್ಕ ಸರ್ಚಿನವ್ರಿಗೆ ರೊಕ್ಕ ಕೊಡೋದಿಲ್ಲ. ಮಂದಿ ಏನು ಕೇಳ್ತಾರೋ ಅದಕ್ಕ ಖರೇ ಉತ್ತರ ಬರದು ಇಡಬೇಕು, ಫೋಟೋ ಇಡಬೇಕು, ತಿಂದವ್ರು ಛಲೋ ಅದ ಅಂತ ಬರೀಬೇಕು. ಹಂಗ ಮಾಡ್ಕೋತ ಹೋದ್ರ ತಾನ ಮ್ಯಾಲೆ ಬರ್ತದ. ಆದ್ರ ತಿಂಗಳಾನುಗಟ್ಟಲೆ ಬೇಕು. ಎರಡೂ ಕೂಡೇ ಶುರು ಮಾಡ್ರಿ."

"ತಿಂಗಳಾನುಗಟ್ಟಲೆ ನಮ್ಮ ಹತ್ರ ಇಲ್ರಿ. ಯುಗಾದಿ ಬಂತು. ಮೊದಲನೇದ್ನ ಮಾಡ್ರಿ."

ಜಾಹೀರಾತು ಒತ್ತುವುದರ ಬಗ್ಗೆ ಇನ್ನೂ ಏನೋ ಹೇಳುತ್ತಿದ್ದರು. ನಾನು ಆಗಲೇ ಗಾಡಿಯ ಹಗ್ಗ ಸುತ್ತುತ್ತಿದ್ದೆ.

ಮನೆಗೆ ಬಂದು ಅಕ್ಕನಿಗೆ ನಮ್ಮ ಭಾಷೆಯಲ್ಲಿ ತಿಳಿಸಿದೆ. ಹೊಲದ ಕೆಲಸಕ್ಕೆ ಕೂಲಿ ಆಳು ಇರುತ್ತಾರೆ, ಮುಯ್ಯಾಳು ಇರುತ್ತಾರೆ. ಕೂಲಿಯವರಿಗೆ ದುಡ್ಡು ಕೊಟ್ಟರೆ ಬರುತ್ತಾರೆ, ಕೊಡದಿದ್ದರೆ ಬರುವುದಿಲ್ಲ, ಮಾತು ಮುಗಿಯಿತು. ಮುಯ್ಯಾಳು ಹಾಗಲ್ಲ. ಇವತ್ತು ನಾನು ನಿನ್ನ ಹೊಲಕ್ಕೆ ನಾಟಿ ಹಚ್ಚಲು ಬರುತ್ತೇನೆ, ನಾಳೆ ನೀನು ನನ್ನ ಹೊಲಕ್ಕೆ ಬಾ. ದುಡ್ಡಿಲ್ಲ. ಆದರೆ ಮೊದಲು ನಾವು ಹೋಗಿ ದುಡಿದಿರಬೇಕು.

"ಜಾಹೀರಾತು ಅಂದ್ರ ಕೂಲಿ. ಇನ್ನೊಂದು ಮುಯ್ಯಿ ಇದ್ದಂಗ" ಅಂದೆ.

"ಹಂಗಾರ ಮುಯ್ಯಿನ ಛಲೋ ಅಲ್ಲೇನೋ?" ಅಂದಳು ಅಕ್ಕ.

"ಛಲೋ ಐತಿ. ಟೈಮ್ ಎಲ್ಲೈತಿ?"

ಅಕ್ಕ ಕೂಡಿಟ್ಟ ದುಡ್ಡಿನಲ್ಲಿ, ದಿನಕ್ಕೆ ಇಷ್ಟು ಅಂತ ಗೊತ್ತು ಮಾಡಿ, ಸರ್ ಜಾಹೀರಾತು ಹಾಕಿಕೊಟ್ಟರು. ಹುಬ್ಬಳ್ಳಿ, ದಾವಣಗೆರೆಯಲ್ಲಿ ಹುಡುಕುವವರಿಗೆ ಮಾತ್ರ ಕಾಣಲಿ ಅಂದರು. ನಾನು ಒಪ್ಪಲಿಲ್ಲ. ನನ್ನ ಕಣ್ಣಿಗೆ ಕಾಣದ ಬೋರ್ಡಿಗೆ ನಾನು ದುಡ್ಡು ಕೊಡುವವನಲ್ಲ. ಹಾನಗಲ್ಲ, ಹಿರೇಕೆರೂರು, ಶಿಗ್ಗಾಂವಿ, ಸವಣೂರು ಎಲ್ಲ ಕಡೆ ಕಾಣಬೇಕು ಅಂದೆ. ಅವರು ಎರಡು ಸಲ ಬೇಡ ಅಂದು, ಮೂರನೇ ಸಲ ಹಾಕಿದರು.

ಮಾರನೆಯ ದಿನ ಬೆಳಿಗ್ಗೆ ಫೋನಿನಲ್ಲಿ ಖಡಕ್ ರೊಟ್ಟಿ ಅಂತ ಹುಡುಕಿದೆ. ಎಲ್ಲಕ್ಕಿಂತ ಮೇಲೆ ನಮ್ಮದು! ಅಕ್ಕನ ರೊಟ್ಟಿ, ಅಕ್ಕನ ನಂಬರು. ಶೆಡ್ಡಿನಲ್ಲಿ ಎಲ್ಲರಿಗೂ ತೋರಿಸಿದೆ. ದೊಡ್ಡವ್ವ ಫೋನಿಗೆ ಕೈಮುಗಿದಳು. ನಾನು ಸುಮ್ಮನಿರದೆ ಬಳಗದ ಗ್ರೂಪಿಗೆಲ್ಲ ಹಾಕಿದೆ: ನಮ್ಮ ರೊಟ್ಟಿ ಮೇಲೆ ಬಂದಿದೆ, ಎಲ್ಲರೂ ಒತ್ತಿ ನೋಡಿ.

ನಮ್ಮ ಮಂದಿಗೆ ಅಷ್ಟು ಸಾಕು. ಕೈ ಹಚ್ಚು ಅಂದರೆ ಯಾಕೆ ಅಂತ ಕೇಳುವವರಲ್ಲ. ಒತ್ತಿದರು. ಹಿರೇಕೆರೂರಿನ ಸೋದರಮಾವ ತಾನೂ ಒತ್ತಿ, ತನ್ನ ಜೊತೆ ಮೆಕ್ಕೆಜೋಳದ ಲೋಡಿಗೆ ಬಂದ ಹಮಾಲರಿಂದೆಲ್ಲ ಒತ್ತಿಸಿದ. ಚಾಚಿಯ ಹುಲಗೂರಿನ ತವರು ಮನೆಯವರು ಒತ್ತಿದರು. ತಿಳವಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಕೂತವರ ಫೋನನ್ನೂ ದೊಡ್ಡವ್ವ ಬಿಡಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಹುಡುಕಿದರೆ ನಮ್ಮ ರೊಟ್ಟಿ ಇಲ್ಲ. ಮೇಲೂ ಇಲ್ಲ, ಕೆಳಗೂ ಇಲ್ಲ. ಇಡೀ ದಿನದಲ್ಲಿ ಒಂದು ಫೋನೂ ಬರಲಿಲ್ಲ. ಮಾರನೇ ದಿನವೂ ಅದೇ ಕಥೆ. ಬೆಳಿಗ್ಗೆ ಬಂತು, ಮಧ್ಯಾಹ್ನಕ್ಕೆ ಹೋಯಿತು. ಸರ್‌ಗೆ ಫೋನ್ ಹಚ್ಚಿದೆ.

"ಏನ್ರಿ ಸರ, ನಿಮ್ಮ ಜಾಹೀರಾತು ಅರ್ಧಾ ದಿನಕ್ಕ ಸತ್ತ ಹೊಕ್ಕೈತಿ?"

ಅವರು ಕಂಪ್ಯೂಟರ್ ತೆಗೆದು ನೋಡಿದರು. ಆಮೇಲೆ ಕೇಳಿದರು, "ಯಾರ್ ಒತ್ಯಾರ್ರಿ ಇಷ್ಟು ಮಂದಿ?"

"ನಮ್ಮವ್ರ ರಿ. ಎಲ್ಲಾರಿಗೂ ಹೇಳೇನಿ."

"ಅಯ್ಯ ನಿಮ್ಮ! ಒಮ್ಮೆ ಒತ್ತಿದ್ರ ಒಮ್ಮೆ ರೊಕ್ಕ ಹೋಗ್ತದ ಅಂತ ಹೇಳಿದ್ದೆನಲ್ರಿ? ಒಬ್ಬರ ಹತ್ತು ಸಲ ಒತ್ತಿದ್ರ ಅದು ಹಿಡೀತದ. ಬ್ಯಾರೆ ಬ್ಯಾರೆ ಮಂದಿ ಒತ್ತಿದ್ರ ಗಿರಾಕಿ ಬಂದಾರ ಅಂತನ ತಿಳೀತದ. ದಿನದ ರೊಕ್ಕ ಮುಗೀತು ಅಂದ್ರ ಬಾಗಲಾ ಹಾಕ್ತದ."

ಅಂದರೆ ನಮ್ಮ ಬಳಗದವರೇ ಪ್ರೀತಿಯಿಂದ ಒತ್ತಿ ಒತ್ತಿ ಅಕ್ಕನ ದುಡ್ಡು ಮುಗಿಸುತ್ತಿದ್ದರು. ಹುಬ್ಬಳ್ಳಿಯಲ್ಲಿ ನಿಜವಾಗಿ ರೊಟ್ಟಿ ಬೇಕಾದವರು ಹುಡುಕುವ ಹೊತ್ತಿಗೆ ನಮ್ಮ ಬಾಗಿಲು ಹಾಕಿರುತ್ತಿತ್ತು.

ದೊಡ್ಡವ್ವನಿಗೆ ಹೇಳಿದೆ. "ಇನ್ನ ಒತ್ತಬ್ಯಾಡ ದೊಡ್ಡವ್ವ."

"ಯಾಕೋ? ನಾ ಏನ್ ಹೊಲಸ ಕೈಲೆ ಒತ್ತೇನೇನು? ಜಳಕಾ ಮಾಡಿ, ದೀಪಾ ಹಚ್ಚಿ, ಆಮ್ಯಾಲೆ ಒತ್ತೇನಿ."

"ನೀ ಒತ್ತಿದ್ರ ರೊಕ್ಕ ಹೊಕ್ಕೈತಿ."

"ಯಾರ್ದು?"

"ಅಕ್ಕಂದು."

ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒಂದು ಗಳಿಗೆ ಅಳುತ್ತಾಳೋ ನಗುತ್ತಾಳೋ ತಿಳಿಯಲಿಲ್ಲ. ಚಾಚಿ ಮೊದಲು ನಕ್ಕಳು. "ಅರೆ, ಈ ಮುದುಕಿ ದೀಪಾ ಹಚ್ಚಿ ನಮ್ಮ ಒಲಿ ಆರಸಾಕತ್ತಿದ್ಳು!" ಆಮೇಲೆ ಮೂವರೂ ನಕ್ಕರು. ನನಗೆ ನಗು ಬರಲಿಲ್ಲ.

ಗ್ರೂಪಿನಲ್ಲಿ ಬೇಡ ಅಂತ ಹಾಕಿದರೆ ಯಾರೂ ಓದಲಿಲ್ಲ. ಗಾಡಿಯ ಬಾಡಿಗೆಗೆ ಹೋದ ಕಡೆಯೆಲ್ಲ ಕೈಮುಗಿದು ಹೇಳಬೇಕಾಯಿತು. ಹಿರೇಕೆರೂರಿನ ಮಾವನಿಗೆ ಸಿಟ್ಟು ಬಂತು.

"ಮುಯ್ಯಿ ಒಲ್ಲೆ ಅಂತೀಯೇನಲೇ? ನಿಮ್ಮಪ್ಪನ ಹೊಲಕ್ಕ ನಾ ಬಂದಿಲ್ಲ? ನನ್ನ ಹೊಲಕ್ಕ ನಿಮ್ಮಪ್ಪ ಬಂದಿಲ್ಲ?"

"ಹಂಗಲ್ಲ ಮಾವ. ಇದು ಕೂಲಿ ಕೆಲ್ಸ. ನೀ ಬಂದ್ರೂ ನಿನ್ನ ಕೂಲಿ ಬ್ಯಾರೆಯವ್ರು ವಸೂಲಿ ಮಾಡ್ತಾರ."

"ಯಾವನಂವಾ ನನ್ನ ಕೂಲಿ ವಸೂಲಿ ಮಾಡಾಂವ?"

ತಿಳಿಸಲು ಒಂದು ಚಹಾ ಸಾಕಾಗಲಿಲ್ಲ. ಕೊನೆಗೆ "ಹಂಗಾರ ಏನ್ ಮಾಡ್ಲಿ ಹೇಳು, ಸುಮ್ನ ಕುಂದ್ರೂದು ಆಗೂದಿಲ್ಲ" ಅಂದ. ಆ ಪ್ರಶ್ನೆಗೆ ಉತ್ತರ ಸರ್ ಹತ್ತಿರ ಇತ್ತು.

ಅವರು ಒಂದು ಭಾನುವಾರ ತಾವೇ ಬಸ್ಸು ಹತ್ತಿ ಅಕ್ಕಿಆಲೂರಿಗೆ ಬಂದರು. ಯಾರೂ ಕರೆದಿರಲಿಲ್ಲ. ಶೆಡ್ಡಿನಲ್ಲಿ ಜೋಳದ ಚೀಲದ ಮೇಲೆ ಕೂತರು. ಅಕ್ಕ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಕೊಟ್ಟಳು. ತಿಂದರು. ಮನೆಗೂ ಒಯ್ಯಿರಿ ಅಂದಾಗ ನೇರವಾಗಿ ಹೇಳಿದರು, "ನಮ್ಮ ತಾಯಿ ಹೊರಗಿಂದು ಯಾರ ಮನಿದೂ ತಿನ್ನೂದಿಲ್ಲ. ನನಗ ಇನ್ನೊಂದು ಹಾಕ್ರಿ." ತಿನ್ನುತ್ತೇವೆ ಅಂತ ಸುಳ್ಳು ಹೇಳಿ ಕಟ್ಟಿಸಿಕೊಂಡು ಹೋಗಿ ದಾರಿಯಲ್ಲಿ ದನಕ್ಕೆ ಹಾಕುವವರನ್ನು ನೋಡಿದ್ದೇನೆ. ಇವರ ಮಾತು ನನಗೆ ಹಿಡಿಸಿತು.

ಆಮೇಲೆ ಫೋನಿನಲ್ಲಿ ರೆಕಾರ್ಡ್ ಹಚ್ಚಿ ಕೇಳಿದರು. "ಗಿರಾಕಿ ಬಂದ್ರ ನಿಮಗ ಏನೇನು ಕೇಳ್ತಾರವಾ?"

"ಎಷ್ಟಕ್ಕೊಂದು ಅಂತಾರ" ಅಂದಳು ಚಾಚಿ.

"ಅದನ್ನ ಬಿಟ್ಟು?"

"ಎಷ್ಟು ದಿನಾ ಇರ್ತಾವ ಅಂತಾರ. ಅದಕ್ಕ ಈ ಮುದುಕೀನ ಕೇಳ್ರಿ."

ದೊಡ್ಡವ್ವ ಒಲೆಯಿಂದ ಮುಖ ಎತ್ತದೆ ಹೇಳಿದಳು. "ಬಿಸಿ ಇದ್ದಾಗ ಡಬ್ಬಿಗಿ ಹಾಕಿದ್ರ ಮರುದಿನಾನ ಬೂಸಲ ಬರ್ತೈತಿ. ಅರಿವಿ ಮ್ಯಾಲೆ ಹರವಿ, ಪೂರಾ ಆರಿ, ಕಟ್ ಅಂತ ಮುರಿಯೂ ಹಂಗಾದ ಮ್ಯಾಲೆ ಕಟ್ಟಬೇಕು. ಹಂಗಾದ್ರ ತಿಂಗಳಾದ್ರೂ ಏನಾಗೂದಿಲ್ಲ. ಮಳಿಗಾಲದಾಗ ಅಷ್ಟು ಹೇಳಾಕ ಬರಂಗಿಲ್ಲ, ಸುಳ್ಳ ಯಾಕ ಹೇಳ್ಲಿ."

"ಮದುವಿಗೆ ಮನಷ್ಯಾಗ ಎಷ್ಟು ಹಿಡೀಬೇಕು?"

"ಹೆಣ್ಣಿನ ಕಡೆಯವ್ರಿಗೆ ಎರಡು. ಗಂಡಿನ ಕಡೆಯವ್ರಿಗೆ ನಾಕು. ಅವ್ರು ಮನ್ಯಾಗ ಉಂಡ ಬಂದಿರಂಗಿಲ್ಲ."

ಸರ್ ನಗುತ್ತ ನಗುತ್ತ ಎಲ್ಲ ಕೇಳಿದರು. ಮೆಕ್ಕೆಜೋಳದ್ದು, ಸಜ್ಜೆಯದು, ಎಳ್ಳು ಹಚ್ಚಿದ್ದು. ಬಸ್ಸಿನಲ್ಲಿ ಒಯ್ಯುವಾಗ ಮುರಿಯದ ಹಾಗೆ ಕಟ್ಟುವುದು ಹೇಗೆ, ಮೆತ್ತಗಾದರೆ ಮತ್ತೆ ಖಡಕ್ ಮಾಡುವುದು ಹೇಗೆ. ನಾನು ನಮ್ಮ ಶೆಡ್ಡಿನ ಮುಂದೆ ಗೃಹ ಆಹಾರ ಉತ್ಪನ್ನ ಕೇಂದ್ರ ಅಂತ ಬೋರ್ಡು ಬರೆಸಿದ್ದೆ. ಈ ಉತ್ತರಗಳನ್ನೆಲ್ಲ ಇಡಲು ಅವರು ಮಾಡುವ ಇಂಟರ್‌ನೆಟ್ ಪುಟದಲ್ಲೂ ಅದೇ ಹಾಕಿರಿ ಅಂದೆ. "ನೀವು ಹೊಟ್ಟಿ ಹಸದಾಗ ಆಹಾರ ಉತ್ಪನ್ನ ಕೊಡವಾ ಅಂತೀರೇನು?" ಅಂದರು. ಅಲ್ಲಿಗೆ ಆ ಮಾತು ಬಿಟ್ಟೆ.

ಚಾಚಿಗೆ ಒಂದು ಉಪಾಯ ಹೊಳೆದಿತ್ತು. "ಸಾಹೇಬ್ರ, ನಮ್ಮ ಮಂದಿ ಎಲ್ಲಾ ಖಾಲಿ ಕುಂತಾರ. ಛಲೋ ಐತಿ ಅಂತ ಬರಸ್ಲಿ? ಎಲ್ಲಾರೂ ಐದೈದು ಚುಕ್ಕಿ ಹಾಕ್ತಾರ."

"ತಿಂದಾರೇನು?"

"ಕೆಲವೊಬ್ರು ತಿಂದಾರ."

"ರೊಕ್ಕ ಕೊಟ್ಟು ತಗೊಂಡು ತಿಂದವ್ರು ಅಷ್ಟ ಬರೀಲಿ. ಸಪ್ಪಗ ಇತ್ತು ಅಂದ್ರೂ ಬರೀಲಿ. ಸುಳ್ಳು ಬರಸಿದ್ರ ಒಂದಿನ ಎಲ್ಲಾ ಅಳಿಸಿ ಹಾಕ್ತಾರ."

ಮಾವನಿಗೆ ಇದನ್ನೇ ಹೇಳಿದೆ. ಆತ ಹಮಾಲರ ಊಟಕ್ಕೆ ರೊಟ್ಟಿ, ಚಟ್ನಿ ಕೊಂಡ. ಹಮಾಲರು ತಿಂದರು. ಒಬ್ಬ ಬರೆದ: ರೊಟ್ಟಿ ಛಲೋ, ಚಟ್ನಿಗೆ ಉಪ್ಪು ಕಡಿಮೆ. ಅಕ್ಕ ಆವತ್ತಿನಿಂದ ಚಟ್ನಿಗೆ ಉಪ್ಪು ನೋಡಿಕೊಂಡು ಹಾಕುತ್ತಾಳೆ.

ಜಾಹೀರಾತನ್ನು ಸರ್ ದೂರದ ಊರುಗಳಿಗೆ ಮಾತ್ರ ತಿರುಗಿಸಿದರು. ನನ್ನ ಫೋನಿನಲ್ಲಿ ಕಾಣಲಿಲ್ಲ. ಈ ಸಲ ಬಾಯಿ ಮುಚ್ಚಿಕೊಂಡೆ. ಫೋನು ಬರತೊಡಗಿತು; ಅಕ್ಕನ ಕೈ ಹಿಟ್ಟಿನಲ್ಲಿದ್ದಾಗ ನಾನು ಎತ್ತುತ್ತಿದ್ದೆ. ದಾವಣಗೆರೆಯವರೊಬ್ಬರು ಗೃಹಪ್ರವೇಶಕ್ಕೆ ತೆಗೆದುಕೊಂಡರು. ಹುಬ್ಬಳ್ಳಿಯ ಎರಡು ಖಾನಾವಳಿಯವರು ಕೇಳಿದರು, ಒಬ್ಬರು ಕೊಂಡರು. ಜಾಹೀರಾತು ಮೋಸ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಆ ದಿನಗಳಲ್ಲಿ ಒಲೆ ಉರಿದದ್ದು ಅದರಿಂದಲೇ.

ಒಂದು ಫೋನು ಮಾತ್ರ ನೆನಪಿದೆ. ಮದುವೆಯ ದೊಡ್ಡ ಆರ್ಡರ್. ಲೆಕ್ಕ, ದಿನ ಎಲ್ಲ ಮಾತಾಗಿತ್ತು. ಕೊನೆಗೆ ಆ ಮನುಷ್ಯ ಕೇಳಿದ, "ಅಂದಂಗ ನೀವು ಯಾವ ಮಂದಿರಿ?" ನಾನು ಅಕ್ಕನ ಮುಖ ನೋಡಿದೆ. ಅಕ್ಕ ಫೋನು ಇಸಿದುಕೊಂಡಳು.

"ರೊಟ್ಟಿ ಬಡಿಯೋ ಮಂದಿರಿ."

"ಅದಲ್ಲವಾ, ಒಳಗಿಂದು ಕೇಳೇನಿ."

"ಒಳಗ ಜ್ವಾಳದ ಹಿಟ್ಟು, ಬಿಸಿನೀರು, ಉಪ್ಪು ಐತ್ರಿ. ಬ್ಯಾರೇದೇನಿಲ್ಲ."

ಆತ ತಿಳಿಸುತ್ತೇನೆ ಅಂದ. ತಿಳಿಸಲಿಲ್ಲ. ಅಕ್ಕ ಮತ್ತೆ ಹೋಗಿ ರೊಟ್ಟಿ ಬಡಿದಳು. ಆವತ್ತಿನ ರೊಟ್ಟಿಯ ಸಪ್ಪಳ ಸ್ವಲ್ಪ ಜೋರಾಗಿತ್ತು, ಅಷ್ಟೇ.

ಯುಗಾದಿ ಹತ್ತಿರ ಬರುವಷ್ಟರಲ್ಲಿ ಜಾಹೀರಾತಿಗೆ ಇಟ್ಟ ದುಡ್ಡು ಮುಗಿಯಿತು. ಮತ್ತೆ ಹಾಕಲು ಇರಲಿಲ್ಲ. ನಿಲ್ಲಿಸಿದೆವು. ನಿಲ್ಲಿಸಿದ ದಿನವೇ ಫೋನು ನಿಂತಿತು.

"ಕರೆಂಟ್ ತಗದಂಗ ಆತಲ್ಲೋ" ಅಂದಳು ಅಕ್ಕ.

ಮೂರು ಒಲೆ ಮತ್ತೆ ಆರಿದವು. ಅಕ್ಕ ಸಂಜೆ ಮಗಳ ಶಾಲೆಯ ಬಟ್ಟೆ ಮಡಚಿ ತೆಗೆದುಕೊಂಡು ಹೋಗುವಾಗ ಶೆಡ್ಡಿನ ಪಾತ್ರೆಗಳನ್ನೂ ಒಂದೊಂದಾಗಿ ಮನೆಗೆ ಒಯ್ಯತೊಡಗಿದಳು. ಅದನ್ನು ನೋಡಿ ನನಗೆ ಸರ್ ಮೇಲೆ ಸಿಟ್ಟು ಬಂತು. ಸವಣೂರಿಗೆ ವೀಳ್ಯದೆಲೆಯ ಪೆಂಡಿ ತುಂಬಲು ಹೋದಾಗ ಮನೆಗೆ ಹೋಗಿ ಕೇಳಿದೆ.

"ನಿಮ್ಮ ಎರಡನೇ ದಾರಿ ಎಲ್ಲಿ ಬಂತ್ರಿ ಸರ? ನಾವು ಹೋದ ಮ್ಯಾಲೆ ಬರ್ತೈತೇನು?"

ಬೇರೆ ಯಾರಾದರೂ ಆಗಿದ್ದರೆ ಹೊರಗೆ ಹಾಕುತ್ತಿದ್ದರು. ಅವರು ಕಂಪ್ಯೂಟರ್ ತಿರುಗಿಸಿ ತೋರಿಸಿದರು. ದೊಡ್ಡವ್ವನ ಮಾತು ಬರೆದಿಟ್ಟ ಪುಟ ಮೊದಲು ಎಲ್ಲೋ ತಳದಲ್ಲಿತ್ತು. ಈಗ ಮೇಲಕ್ಕೆ ಬರುತ್ತಿತ್ತು. ರೊಟ್ಟಿ ಎಷ್ಟು ದಿನ ಇಡಬಹುದು ಅಂತ ಹುಡುಕಿದರೆ ಒಂದೆರಡರ ಕೆಳಗೆ ನಮ್ಮದೇ. "ಬರಾಕತ್ತದ. ನಾ ತಾರೀಕು ಹೇಳ್ಲಿಕ್ಕೆ ಬರೂದಿಲ್ಲ. ಆದ್ರ ಬರಾಕತ್ತದ" ಅಂದರು. ಇಷ್ಟು ವಾರವೂ ಯಾರಿಗೂ ಹೇಳದೆ ಅವರು ಆ ಪುಟ ತಿದ್ದುತ್ತಿದ್ದರು, ಫೋಟೋ ಸರಿಮಾಡುತ್ತಿದ್ದರು. ನನಗೆ ಗೊತ್ತೇ ಇರಲಿಲ್ಲ. ಯಾಕೆ ಮಾಡುತ್ತೀರಿ ಅಂತ ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ ಅನ್ನಿಸುತ್ತದೆ.

ಕೆಲವು ದಿನ ಬಿಟ್ಟು ಶಿಗ್ಗಾಂವಿಯಿಂದ ಒಬ್ಬ ಹೆಣ್ಣುಮಗಳ ಫೋನು ಬಂತು.

"ನೀವು ಖಡಕ್ ರೊಟ್ಟಿಯವ್ರೇನ್ರಿ? ನಾವೊಂದು ಬಸ್ ಮಾಡ್ಕೊಂಡು ಕಾಶಿ ಕಡೆ ಹೊಂಟೇವಿ. ರೊಟ್ಟಿ ಎಷ್ಟು ದಿನಾ ತಡೀತಾವು ಅಂತ ಹುಡುಕಿದ್ನಿ, ನಿಮ್ಮದು ಬಂತು. ಯಾರೋ ಅಜ್ಜಿ ಹೇಳ್ಯಾರಲ್ರಿ, ಬಿಸಿ ಇದ್ದಾಗ ಡಬ್ಬಿಗೆ ಹಾಕಬ್ಯಾಡ್ರಿ ಅಂತ?"

"ಜಾಹೀರಾತು ನೋಡಿದ್ರೇನ್ರಿ?" ಅಂತ ಕೇಳಿದೆ.

"ಯಾವ ಜಾಹೀರಾತು? ಅಜ್ಜಿ ಮಳಿಗಾಲದಾಗ ಹೇಳಾಕ ಬರಂಗಿಲ್ಲ ಅಂತ ಖರೇ ಹೇಳ್ಯಾರ, ಅದಕ್ಕ ಫೋನ್ ಮಾಡೇನಿ. ಎಲ್ಲಾ ಕಾಲಕ್ಕೂ ಇರ್ತಾವ ಅನ್ನೋರೂ ಅದಾರ. ನನಗ ಆ ಅಜ್ಜಿ ಕೈಯಿಂದ ಬೇಕು."

ಇಡೀ ಬಸ್ಸಿಗೆ, ಹೋಗಿ ಬರುವವರೆಗೆ ಸಾಲುವಷ್ಟು ರೊಟ್ಟಿ. ಫೋನು ಇಟ್ಟು ದೊಡ್ಡವ್ವನಿಗೆ ಹೇಳಿದೆ. "ನಿನ್ನನ್ನ ಹುಡುಕ್ಕೊಂಡು ಬಂದಾರ."

"ನಾ ಏನ್ ಮಾಡೇನೋ? ಈ ಸಲ ಖರೇನ ಒತ್ತಿಲ್ಲ" ಅಂದಳು.

ಮೂರೂ ಒಲೆ ಹೊತ್ತಿದವು. ಜೋಳ ಬೀಸಿಸಿಕೊಂಡು ಬಂದೆ, ಕಟ್ಟಿಗೆ ತಂದೆ, ಹರವಲು ಬಟ್ಟೆ ಸಾಲದೆ ಮನೆಯ ಹಾಸಿಗೆಯ ಚಾದರ ತೊಳೆದು ತಂದೆ. ಶೆಡ್ಡಿನ ನೆಲದ ತುಂಬ ಬಟ್ಟೆ, ಬಟ್ಟೆಯ ತುಂಬ ರೊಟ್ಟಿ. ಕಾಲಿಡಲು ಜಾಗವಿಲ್ಲ. ಅಂಥ ಹೊತ್ತಿನಲ್ಲಿ ಸಾವ್ಕಾರರು ಬಂದರು. ಜೊತೆಗೆ ಗೊಬ್ಬರದವನು, ಅವನ ಕೈಯಲ್ಲಿ ಅಳತೆಯ ಟೇಪು.

ಅಕ್ಕ ಎದ್ದು ನಿಲ್ಲಲಿಲ್ಲ. ನಿಂತರೆ ರೊಟ್ಟಿ ಸೀಯುತ್ತಿತ್ತು. "ಬರ್ರಿ ಸಾವ್ಕಾರ್ರ. ಆದ್ರ ರೊಟ್ಟಿ ಮ್ಯಾಲೆ ಕಾಲು ಇಡಬ್ಯಾಡ್ರಿ" ಅಂದಳು.

ಗೊಬ್ಬರದವನು ಟೇಪಿನ ತುದಿ ಹಿಡಿದು ಆಚೆ ಗೋಡೆಗೆ ಹೋಗಬೇಕಿತ್ತು. ಹೋಗಲು ದಾರಿ ಇಲ್ಲ. ಬಾಗಿಲಲ್ಲೇ ನಿಂತ. ಚಾಚಿ ಒಂದು ರೊಟ್ಟಿಯ ಮೇಲೆ ಚಟ್ನಿ ಇಟ್ಟು ಕೈಗೆ ಕೊಟ್ಟಳು. ಮುರಿದು ಬಾಯಿಗೆ ಹಾಕಿಕೊಂಡ. ಇನ್ನೊಮ್ಮೆ ಮುರಿದ.

"ಯಾರಿಗಿದು ಇಷ್ಟು?" ಅಂತ ಸಾವ್ಕಾರರು ಕೇಳಿದರು.

"ಕಾಶಿಗೆ ಹೊಂಟಾರ್ರಿ" ಅಂದಳು ದೊಡ್ಡವ್ವ. "ಶಿಗ್ಗಾಂವ್ಯವ್ರು."

"ಶಿಗ್ಗಾಂವ್ಯವ್ರಿಗೆ ನೀವು ಇಲ್ಲಿರೋದು ಹೆಂಗ ಗೊತ್ತಾತು?"

"ಹುಡುಕ್ಯಾರ್ರಿ" ಅಂದೆ.

ಗೊಬ್ಬರದವನು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ. "ಸಾವ್ಕಾರ್ರ, ಕಾಶಿಗೆ ಹೋಗೋ ರೊಟ್ಟಿ ಎಬ್ಬಿಸಿ ಯೂರಿಯಾ ಇಟ್ರ ನನಗ ಪಾಪ ಹತ್ತತೈತಿ. ಬ್ಯಾರೆ ಕಡೆ ನೋಡ್ತೇನಿ."

"ನಾ ಇನ್ನೂ ಏನೂ ಹೇಳಿಲ್ಲೋ ಮಾರಾಯಾ" ಅಂದರು ಸಾವ್ಕಾರರು. ಆದರೆ ಬಾಗಿಲಿನಿಂದ ಹಿಂದೆ ಸರಿದರು. "ಯುಗಾದಿ ಆಗ್ಲಿ. ನೋಡೋಣಂತ."

ನೋಡೋಣ ಅಂದರೆ ಹೂಂ ಅಂತಲ್ಲ. ಯುಗಾದಿ ಬಂದು ಹೋಯಿತು, ಅವರು ಏನೂ ಹೇಳಲಿಲ್ಲ, ನಾವೂ ಕೇಳ ಹೋಗಲಿಲ್ಲ. ಬಸ್ಸು ಕಾಶಿಯಿಂದ ತಿರುಗಿ ಬಂತು. ಬಸ್ಸಿನಲ್ಲಿದ್ದವರು ಒಬ್ಬೊಬ್ಬರಾಗಿ ನಮ್ಮ ರೊಟ್ಟಿಯ ಬಗ್ಗೆ ಬರೆದರು. ಯಾರೂ ಹೇಳಿರಲಿಲ್ಲ. ಕಡೆಯ ದಿನದ ರೊಟ್ಟಿಯೂ ಕಟ್ ಅಂತ ಮುರಿಯಿತು ಅಂತ ಒಬ್ಬರು, ಗಂಟಿನ ತಳದವು ಪುಡಿಯಾದವು, ಕಟ್ಟುವುದು ಇನ್ನೂ ಗಟ್ಟಿಯಾಗಬೇಕು ಅಂತ ಒಬ್ಬರು. ಅದನ್ನು ಓದಿದವರು ಫೋನು ಮಾಡಿದರು. ಅವರು ಬರೆದದ್ದನ್ನು ಓದಿ ಇನ್ನೊಬ್ಬರು. ಯಾವ ಮಂದಿ ಅಂತ ಕೇಳುವವರು ಈಗಲೂ ಇದ್ದಾರೆ, ಕಡಿಮೆ. ಹೆಚ್ಚಿನವರು ಅಜ್ಜಿ ಇದ್ದಾಳಾ ಅಂತ ಕೇಳುತ್ತಾರೆ.

ನಾವು ಈಗ ಎರಡನ್ನೂ ಮಾಡುತ್ತೇವೆ. ಮದುವೆಯ ಕಾಲದಲ್ಲಿ ದೂರದ ಊರುಗಳಿಗೆ ಜಾಹೀರಾತು ಹಾಕುತ್ತೇವೆ, ಕಾಲ ಮುಗಿದರೆ ನಿಲ್ಲಿಸುತ್ತೇವೆ. ಪುಟವನ್ನು ಮಾತ್ರ ನಿಲ್ಲಿಸುವುದಿಲ್ಲ. ಗಿರಾಕಿ ಯಾವುದಾದರೂ ಹೊಸ ಪ್ರಶ್ನೆ ಕೇಳಿದರೆ ಆ ವಾರ ಹೆಂಗಸರು ಅದಕ್ಕೆ ಉತ್ತರ ಹೇಳುತ್ತಾರೆ, ನಾನು ರೆಕಾರ್ಡ್ ಮಾಡಿ ಸವಣೂರಿಗೆ ಕಳಿಸುತ್ತೇನೆ. ಸಾಲು ತಪ್ಪದ ಹಾಗೆ ಬರೆಯಲು ನನಗೆ ಬರುವುದಿಲ್ಲ. ಸರ್ ತಿದ್ದುತ್ತಾರೆ, ಆದರೆ ದೊಡ್ಡವ್ವನ ಮಾತನ್ನು ಅವಳ ಮಾತಿನಲ್ಲೇ ಇಡುತ್ತಾರೆ. ಅದಕ್ಕಾಗಿ ಅವರಿಗೆ ನಾನು ಋಣಿ. ನಾನು ದುಡುಕಿ ಮಾತಾಡಿದ ದಿನವೂ ಅವರು ಕಂಪ್ಯೂಟರ್ ತಿರುಗಿಸಿ ತೋರಿಸಿದರು, ಅದಕ್ಕೂ. ಒತ್ತಿ ಒತ್ತಿ ದುಡ್ಡು ಕಳೆದ ನಮ್ಮ ಬಳಗಕ್ಕೂ ಋಣಿ. ದುಡ್ಡು ಹೋಯಿತು ನಿಜ. ಆದರೆ ಒಂದು ಮಾತಿಗೆ ನಾಲ್ಕು ತಾಲ್ಲೂಕಿನ ಕೈಗಳು ಎದ್ದವು. ಅಷ್ಟು ಮಂದಿ ಅಕ್ಕನ ಬೆನ್ನಿಗಿದ್ದಾರೆ ಅಂತ ನಮಗೂ ಅದಕ್ಕೆ ಮುಂಚೆ ಗೊತ್ತಿರಲಿಲ್ಲ.

ಮಳೆಗಾಲ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ ಮಿಲ್ಲಿನ ಹಮಾಲರು ಶೆಡ್ಡಿನೊಳಗೆ ಬಂದು ಮೂಲೆಯಲ್ಲಿದ್ದ ಹರಕು ಗೋಣಿಚೀಲ, ಹಳೆಯ ಬೆಲ್ಟು, ತುಕ್ಕು ಹಿಡಿದ ಜರಡಿಗಳನ್ನು ಹೊರಗೆ ಹೊರತೊಡಗಿದರು. ಅಕ್ಕ ಒಲೆ ಬಿಟ್ಟು ಎದ್ದಳು. ಶೆಡ್ಡು ಖಾಲಿ ಮಾಡಿಸುತ್ತಿದ್ದಾರೆ ಅಂದುಕೊಂಡಳು. ನಾನೂ ಹಾಗೇ ಅಂದುಕೊಂಡು ಸಾವ್ಕಾರರ ಹತ್ತಿರ ಓಡಿದೆ.

"ಏನ್ರಿ ಇದು, ಒಂದು ಮಾತು ಹೇಳಬೇಕಿಲ್ಲೇನ್ರಿ?"

ಅವರು ತೂಕದ ಮಷಿನ್ನಿನಿಂದ ಕಣ್ಣು ಎತ್ತಲಿಲ್ಲ. "ಮೂರು ಒಲಿ ಸಾಲೂದಿಲ್ಲ ಅಂತ ನಿಮ್ಮ ಚಾಚಿ ನಮ್ಮನಿಯಾಕಿ ಮುಂದ ಹೇಳ್ಯಾಳಂತ. ಮೂಲಿ ಖಾಲಿ ಮಾಡ್ಸಾಕತ್ತೇನಿ. ಹೊಗಿ ಹೋಗಾಕ ತಗಡು ಕೊಯ್ಯೂದಿದ್ರ ನೀನ ಕೊಯ್ಯಿ. ಸೋರಿದ್ರ ನನ್ನ ಕೇಳಬ್ಯಾಡ."

ಆ ಮಧ್ಯಾಹ್ನ ತಗಡು ಕೊಯ್ದೆ. ಸಂಜೆ ಅಕ್ಕ ಮಣ್ಣು ಕಲಸಿ ನಾಲ್ಕನೇ ಒಲೆ ಹೂಡಿದಳು. ಒಲೆ ಒಣಗುವವರೆಗೂ ಕಾಯದೆ ಅದರ ಮುಂದೆ ರೊಟ್ಟಿ ಬಡಿಯಲು ಯಾರನ್ನು ಕರೆಯುವುದು ಅಂತ ಮೂವರು ಜಗಳ ಶುರು ಮಾಡಿದರು.